ಸುಪೋಷಿತ ವೃದ್ಧಕಾರಿನ ಅಕಾಲಮೌನ: ಕಡೂರು ಸೀಮೆಯ ಒಂದು ಅಭಾವಮೀಮಾಂಸೆ

ಸರ್ವೀಸು ಕಾಣದೆ, ಬಾನೆಟ್ಟನ್ನೇ ಎತ್ತಿಸಿಕೊಳ್ಳದೆ ಓಡಿದ ಕಾರು ಬೀರೂರು ದಾಟಿ ನಿಂತರೆ ಅದಕ್ಕೆ ಶಾಸ್ತ್ರ ಬೇಕಿಲ್ಲ, ಬೈಗುಳ ಸಾಕು. ಪ್ರಸ್ತುತ ಪ್ರಬಂಧದ ವಸ್ತು ಬೇರೆ. ಇಪ್ಪತ್ತು ವರ್ಷ ಕಾಲಕಾಲಕ್ಕೆ ಆಯಿಲ್ ಬದಲಿಸಿಕೊಂಡ, ಪ್ರತಿ ಆಯುಧಪೂಜೆಗೂ ನಿಂಬೆಹಣ್ಣು ತುಳಿದ, ಹೊದಿಕೆಯಿಲ್ಲದೆ ಒಂದು ರಾತ್ರಿಯೂ ಮಲಗದ ನಿವೃತ್ತ ಮುಖ್ಯೋಪಾಧ್ಯಾಯರ ಕಾರು, ಬಿ.ಎಚ್. ರಸ್ತೆಯಲ್ಲಿ ಕಡೂರಿಗೂ ತರೀಕೆರೆಗೂ ನಡುವೆ ಕೆಮ್ಮದೆ ಕ್ಯಾಕರಿಸದೆ ಆಫ್ ಆಗುವುದೇಕೆ?

ಮೊದಲು ಪೂರ್ವಪಕ್ಷ. ಬಯಲುಸೀಮೆಯ ಬಿಸಿಲುಂಡ ಕಡೂರು ಸಂಪ್ರದಾಯದವರು ದೂರದಿಂದಲೇ ‘ಹೀಟ್ ಆಗಿದೆ’ ಎನ್ನುತ್ತಾರೆ. ಮಲೆನಾಡಿನ ಹೊಸ್ತಿಲಾದ ತರೀಕೆರೆಯವರಿಗೆ ‘ಎಲ್ಲೋ ನೀರು ಹೋಗಿದೆ’. ಈರುಳ್ಳಿ ಹೊಲದ ಧೂಳು ಬಲ್ಲ ಅಜ್ಜಂಪುರದವರು ‘ಪೆಟ್ರೋಲಲ್ಲಿ ಕಸ’ ಎಂದು ತೀರ್ಪು ಕೊಟ್ಟು ಬೀಡಿ ಹಚ್ಚುತ್ತಾರೆ. ಪೆಟ್ರೋಲಿನ ಹತ್ತಿರವೇ ಹಚ್ಚುತ್ತಾರೆ. ಒಟ್ಟಿನಲ್ಲಿ ಬಾನೆಟ್ಟಿನೊಳಗೆ ಇಣುಕಿದವನಿಗೆ ಕಾಣುವುದು ತನ್ನೂರಿನ ಹವಾಮಾನ.

ಹೊಗೆಯಿದ್ದಲ್ಲಿ ಬೆಂಕಿಯೆಂಬುದು ತಾರ್ಕಿಕರ ಹಳೆಯ ಅನುಮಾನ. ಬೆಟ್ಟಕ್ಕೆ ಹೊಂದುವ ಈ ನ್ಯಾಯ ರೇಡಿಯೇಟರಿಗೆ ಹೊಂದದು: ಅಲ್ಲಿ ಏಳುವುದು ಹಬೆ. ಅದನ್ನು ಹೊಗೆಯೆಂದು ಬಗೆದು ಕಾದ ಎಂಜಿನ್ನಿಗೆ ಕೊಡ ನೀರು ಸುರಿದರೆ ಹೆಡ್ ಸೀಳಬಹುದು. ಹೇತ್ವಾಭಾಸಕ್ಕೆ ಇಷ್ಟು ದುಬಾರಿ ಉದಾಹರಣೆ ಪಾಠಶಾಲೆಗಳಲ್ಲಿ ಸಿಗುವುದಿಲ್ಲ. ಅದೂ ಅಲ್ಲದೆ ಮೇಷ್ಟ್ರ ಕಾರಿನಲ್ಲಿ ಹೊಗೆಯೂ ಇರಲಿಲ್ಲ, ಹಬೆಯೂ ಇರಲಿಲ್ಲ. ಟೆಂಪರೇಚರ್ ಮುಳ್ಳು ನಡುವೆಯೇ ನಿಂತಿತ್ತು.

ಆದ್ದರಿಂದ ಸಿದ್ಧಾಂತಕ್ಕೆ ಅನ್ನಂಭಟ್ಟನ ತರ್ಕಸಂಗ್ರಹವನ್ನೇ ಆಶ್ರಯಿಸಬೇಕು. ಅವನ ಏಳು ಪದಾರ್ಥಗಳಲ್ಲಿ ಕೊನೆಯದು ಅಭಾವ. ಕೆಟ್ಟು ನಿಂತ ಕಾರೆಂದರೆ ಇನ್ನೇನು, ಯಾವುದೋ ಒಂದು ಇಲ್ಲ. ಅಭಾವ ನಾಲ್ಕು ಬಗೆ. ಕೀ ತಿರುಗಿಸುವ ಮುನ್ನ ಪ್ಲಗ್ಗಿಗೆ ಕರೆಂಟ್ ಬಾರದಿರುವುದು ಪ್ರಾಗಭಾವ, ಅದು ನಿರುಪದ್ರವಿ. ಪೆಟ್ರೋಲ್ ಡೀಸೆಲ್ ಅಲ್ಲ ಎಂಬುದು ಅನ್ಯೋನ್ಯಾಭಾವ. ಬಂಕಿನ ಹುಡುಗನಿಗೆ ಇದರ ಪಾಠವಾದರೆ ಸಾಕು.

ನಮ್ಮ ವಿಷಯದ ಜೀವಾಳ ಪ್ರಧ್ವಂಸಾಭಾವ, ಇದ್ದದ್ದು ಇಲ್ಲವಾಗುವುದು. ಶ್ರೇಷ್ಠ ನಿದರ್ಶನ ಟೈಮಿಂಗ್ ಬೆಲ್ಟ್. ಆಯಿಲ್ ಕಪ್ಪಾಗಿ, ಬ್ರೇಕ್ ಕಿರುಗುಟ್ಟಿ ಎಚ್ಚರಿಸುತ್ತವೆ. ಕವರಿನೊಳಗೆ ಕೂತ ಈ ರಬ್ಬರು ಬಹುಮಟ್ಟಿಗೆ ಬಾಯಿ ಬಿಡುವುದಿಲ್ಲ. ಮೇಷ್ಟ್ರ ಕಾರಿನ ಓಡಾಟ ಬ್ಯಾಂಕು, ದೇವಸ್ಥಾನ, ಬೀಗರ ಮನೆ. ಕಿಲೋಮೀಟರ್ ಲೆಕ್ಕದಲ್ಲಿ ಅದಿನ್ನೂ ಯುವಕ. ರಬ್ಬರಾದರೋ ನಿಂತಲ್ಲೇ ಪಂಚಾಂಗ ನೋಡಿಕೊಂಡು ಮುದಿಯಾಗುತ್ತದೆ. ಅದು ಹರಿದರೆ ಸ್ಟಾರ್ಟರ್ ಎಂದಿಗಿಂತ ಹಗುರಾಗಿ ಗಿರಗಿರನೆ ತಿರುಗುತ್ತದೆ, ಎಂಜಿನ್ ಹತ್ತದು. ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ನು ತೆರೆದ ವಾಲ್ವಿಗೆ ಬಡಿದು ವಾಲ್ವೇ ಬಾಗುತ್ತದೆ. ಆಮೇಲಿನದು ತರ್ಕವಲ್ಲ, ಸಾಲ.

ಕ್ರ್ಯಾಂಕ್ ಸೆನ್ಸರಿನ ಪ್ರಕರಣ ಇದಕ್ಕಿಂತ ಸೂಕ್ಷ್ಮ. ಕಾದಾಗ ಸಾಯುತ್ತದೆ, ತಣಿದಾಗ ಬದುಕುತ್ತದೆ. ಮೆಕ್ಯಾನಿಕ್ ಬೈಕಿನಲ್ಲಿ ಬರುವಷ್ಟರಲ್ಲಿ ಎಂಜಿನ್ ತಣಿದಿರುವುದರಿಂದ ಅವನ ದರ್ಶನಮಾತ್ರದಿಂದ ಸ್ಟಾರ್ಟ್ ಆಗಿ, ಮಾಲೀಕನನ್ನು ಸುಳ್ಳುಗಾರನನ್ನಾಗಿಸುತ್ತದೆ. ಕೆಲವು ತಾರ್ಕಿಕರು ಸಾಮಯಿಕಾಭಾವವೆಂಬ ಐದನೆಯ ಬಗೆಯನ್ನೂ ಒಪ್ಪಿದ್ದಾರೆ. ಅವರ ಬಳಿ ಹಳೆ ಕಾರಿತ್ತೆಂದು ನನ್ನ ಗುಮಾನಿ.

ಉಳಿದದ್ದು ಅತ್ಯಂತಾಭಾವ: ಭಾನುವಾರ ಮಧ್ಯಾಹ್ನ ಅಜ್ಜಂಪುರದಲ್ಲಿ ಹಳೆ ಮಾಡೆಲ್ಲಿನ ಬಿಡಿಭಾಗ. ತ್ರಿಕಾಲದಲ್ಲೂ ಇಲ್ಲ. ‘ನಾಳೆ ಶಿವಮೊಗ್ಗದಿಂದ ಬಸ್ಸಿಗೆ ಹಾಕಿಸ್ತೀನಿ’ ಎಂಬುದು ಶಬ್ದಪ್ರಮಾಣ, ನಂಬಲೇಬೇಕು.

ಇನ್ನು ಪರಿಹಾರ. ಹೈದರ್, ಟಿಪ್ಪುವಿನ ಫಿರಂಗಿಗಳನ್ನೆಳೆದ ಅಮೃತಮಹಲ್ ಎತ್ತುಗಳ ಸಂತತಿ ಅಜ್ಜಂಪುರದ ತಳಿ ಕೇಂದ್ರದಲ್ಲೇ ಇದ್ದರೂ ಕಾರೆಳೆಯಲು ಅವನ್ನು ಕಳಿಸುವ ಪದ್ಧತಿಯಿಲ್ಲ. ಟ್ರ್ಯಾಕ್ಟರೇ ಗತಿ. ಗೇರು ನ್ಯೂಟ್ರಲ್ಲಿನಲ್ಲಿರಲಿ, ಕೀ ತೆಗೆದರೆ ಸ್ಟೇರಿಂಗ್ ಲಾಕ್ ಆದೀತು, ತೆಗೆಯಬೇಡಿ. ಎಂಜಿನ್ ಸತ್ತರೆ ಬ್ರೇಕಿನ ಬೂಸ್ಟರೂ ಸತ್ತಂತೆ, ಪೆಡಲ್ ಕಲ್ಲಾಗುತ್ತದೆ, ಬಲವಾಗಿ ತುಳಿಯಬೇಕು. ಮೇಷ್ಟ್ರು ಹೀಗೆ ತುಳಿಯುತ್ತಲೇ ತರೀಕೆರೆಯ ಗ್ಯಾರೇಜು ಮುಟ್ಟಿದರು. ಹುಡುಗ ಕವರ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟ.

‘ಮೇಷ್ಟ್ರೇ, ಬೆಲ್ಟ್ ಯಾವಾಗ ಹಾಕ್ಸಿದ್ರಿ?’

‘ಹಾಕ್ಸೋದೇನು ಬಂತಯ್ಯ,’ ಮೇಷ್ಟ್ರು ಎದೆಯುಬ್ಬಿಸಿದರು, ‘ಷೋರೂಮಿಂದ ಬಂದದ್ದೇ. ಒರಿಜಿನಲ್!’