ಹೂಡಿಕೆದಾರರ ಗಜಲಕ್ಷಣ: ಎಡಕುಮೇರಿ ಪಾಠ

ಆನೆಗಳಲ್ಲಿ ಭದ್ರ, ಮಂದ, ಮೃಗ ಎಂದು ಮೂರು ಜಾತಿ. ಇವು ಬೆರೆತರೆ ಮಿಶ್ರ. ಗಜಶಾಸ್ತ್ರಕಾರರು ಇಷ್ಟು ಹೇಳಿ ದಂತ, ಉಗುರು, ನಡಿಗೆಗಳ ವಿವರಕ್ಕೆ ಇಳಿಯುತ್ತಾರೆ. ಊರಿಗೂ ಕಾಡಿಗೂ ಒಳ್ಳೆಯದಾಗಲೆಂದು ದುಡ್ಡು ಹೂಡುವವರಿಗೂ ಇಂಥದೊಂದು ಲಕ್ಷಣಗ್ರಂಥ ಬೇಕೆನಿಸಿ ಈ ಪುಟ್ಟ ಯತ್ನ.

ಅಧ್ಯಯನಕ್ಕೆ ಆರಿಸಿಕೊಂಡ ಕ್ಷೇತ್ರ ಎಡಕುಮೇರಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಇಳಿಯುವ 55 ಕಿಲೋಮೀಟರ್ ಘಾಟಿಯಲ್ಲಿ, 57 ಸುರಂಗಗಳ ಸಾಲಿನ ನಡುವೆ ಇರುವ ರೈಲು ನಿಲ್ದಾಣ ಇದು. ರೈಲು ನಿಂತರೂ ಇಳಿಯುವವರು ಅಪರೂಪ. ಇಲ್ಲಿ ಹೂಡಿಕೆದಾರ ಎಲ್ಲಿಂದ ಬಂದ ಎನ್ನುವುದು ಪೂರ್ವಪಕ್ಷ. ಹೂಡಿಕೆದಾರನ ವಾಸ ಬೆಂಗಳೂರು, ಮುಂಬೈಗಳಲ್ಲೇ ಇರಬಹುದು. ಅವನ ಹೆಜ್ಜೆಗುರುತು ಸಿಗುವುದು ಇಂಥಲ್ಲಿ ಎನ್ನುವುದು ಉತ್ತರ. ಆನೆ ಯಾವುದೆಂದು ಲದ್ದಿ ನೋಡಿಯೇ ಹೇಳುವ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಕುಲಕ್ಕೆ ನಾಮಕರಣವಾದದ್ದು 2007ರಲ್ಲಿ, ಇಟಲಿಯ ಬೆಲ್ಲಾಜಿಯೊದಲ್ಲಿ ರಾಕ್‌ಫೆಲ್ಲರ್ ಫೌಂಡೇಶನ್ ಕರೆದ ಸಭೆಯಲ್ಲಿ. ಸರೋವರದ ದಂಡೆಯಲ್ಲಿ ಕೂತವರು ಇಟ್ಟ ಹೆಸರು ‘ಇಂಪ್ಯಾಕ್ಟ್ ಇನ್ವೆಸ್ಟಿಂಗ್’. ಆಮೇಲೆ ಸ್ಥಿರಪಟ್ಟ ಲಕ್ಷಣಗಳು ಮೂರು: ಒಳ್ಳೆಯದು ಮಾಡುವ ಉದ್ದೇಶ ಮೊದಲೇ ಇರಬೇಕು, ಹಾಕಿದ ದುಡ್ಡು ಮರಳಬೇಕು, ಆದ ಒಳಿತನ್ನು ಅಳೆಯಬೇಕು. ಈ ಮೂರೂ ಇರುವ ದುಡ್ಡು ಜಗತ್ತಿನಲ್ಲಿ 1.57 ಲಕ್ಷ ಕೋಟಿ ಡಾಲರ್ ಎಂದು ಜಿಐಐಎನ್ ಎಂಬ ಅವರದೇ ಒಕ್ಕೂಟ 2024ರಲ್ಲಿ ಲೆಕ್ಕ ಕೊಟ್ಟಿದೆ.

ಇನ್ನು ಜಾತಿಗಳು.

ಭದ್ರ ಶುದ್ಧ ತಳಿ. ಕೊಟ್ಟದ್ದನ್ನು ವಾಪಸು ಕೇಳದಿರುವುದು ಇದರ ಮುಖ್ಯ ಲಕ್ಷಣ. ಪ್ರಾಚೀನ ಮಾದರಿಗಳಿಗೆ ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನ ಸಂಪುಟ ನೋಡಬಹುದು. ಕೆರೆ ಕಟ್ಟಿಸಿದರು, ಅದರ ದುರಸ್ತಿಗೆಂದು ಗದ್ದೆ ಬಿಟ್ಟರು, ಕಲ್ಲು ನೆಟ್ಟರು. ಹೂಡಿಕೆಯ ಅವಧಿ ಆಚಂದ್ರಾರ್ಕ. ಕರಾರು ಮುರಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ. ಈಚಿನ ಕರಾರುಪತ್ರಗಳಲ್ಲಿ ಇಷ್ಟು ಸ್ಪಷ್ಟವಾದ ದಂಡದ ಕಲಮನ್ನು ನಾನು ಕಂಡಿಲ್ಲ.

ಭದ್ರ ಜಾತಿ ನಶಿಸಿತು ಎನ್ನುವವರಿಗೆ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ತೋರಿಸಬೇಕು. ಅಲ್ಲಿ ಮಾರುವ ಪತ್ರಕ್ಕೆ ‘ಝೀರೋ ಕೂಪನ್ ಝೀರೋ ಪ್ರಿನ್ಸಿಪಲ್’ ಎಂದು ಹೆಸರು: ಬಡ್ಡಿ ಸೊನ್ನೆ, ಅಸಲೂ ಸೊನ್ನೆ. 2023ರ ಡಿಸೆಂಬರಿನಲ್ಲಿ ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್. ನಿರುದ್ಯೋಗಿ ಯುವಕ ಯುವತಿಯರಿಗೆ ತರಬೇತಿ ಕೊಡಲು ಅದು ಎತ್ತಿದ್ದು 1.8 ಕೋಟಿ ರೂಪಾಯಿ. ನಮ್ಮ ಹಿರಿಯರು ದಾನ ಎನ್ನುತ್ತಿದ್ದುದಕ್ಕೂ ಈಗ ಡಿಮ್ಯಾಟ್ ಖಾತೆ ಬೇಕು. ನಗು ಬರುತ್ತದೆ, ಆದರೆ ಕೊಟ್ಟ ಹಣದಿಂದ ಏನಾಯಿತು ಎಂದು ವರ್ಷವರ್ಷ ಬರೆದು ತಿಳಿಸಬೇಕೆಂಬ ನಿಯಮವೂ ಅಲ್ಲಿದೆ. ದೇವಸ್ಥಾನದ ಹುಂಡಿ ನಮಗೆ ಅಂಥ ಉತ್ತರ ಕೊಟ್ಟದ್ದಿಲ್ಲ.

ಮಂದದ ವಿಷಯ ಬೇಗ ಮುಗಿಯುತ್ತದೆ. ದೊಡ್ಡ ಮೈ, ನಿಧಾನ ನಡೆ, ಅಂಕುಶ ತಿವಿದರೆ ಮಾತ್ರ ಚಲನೆ. ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿ ಸಮಾಜಕ್ಕೆ ಇಡಿ ಎಂದು 2013ರ ಕಂಪನಿ ಕಾಯ್ದೆ ತಿವಿದದ್ದರಿಂದ ನಡೆಯುತ್ತಿರುವ ಹಿಂಡು ಇದು. ಸರ್ಕಾರದ ಹಸಿರು ಬಾಂಡು ಕೊಳ್ಳುವ ಬ್ಯಾಂಕುಗಳೂ ಇದೇ ಜಾತಿ. 2023ರ ಜನವರಿಯಲ್ಲಿ ಮೊದಲ ಹಸಿರು ಬಾಂಡು ಹೊರಟಾಗ ಅವು ಮಾಮೂಲು ಬಾಂಡಿಗಿಂತ ಕಡಿಮೆ ಬಡ್ಡಿಗೆ ಒಪ್ಪಿದವು. ಎಷ್ಟು ಕಡಿಮೆ? ನೂರು ರೂಪಾಯಿಗೆ ವರ್ಷಕ್ಕೆ ಐದಾರು ಪೈಸೆ. ಭೂಮಿತಾಯಿಯ ಮೇಲಿನ ಪ್ರೀತಿಗೆ ಮಾರುಕಟ್ಟೆ ಕಟ್ಟಿದ ಬೆಲೆ ಅದು.

ಮೃಗ ಚುರುಕು, ಕಿವಿ ಸದಾ ನೆಟ್ಟಗೆ. ಮೇವಿದ್ದಲ್ಲಿ ಮೊದಲು ಬಂದು, ಸದ್ದಾದರೆ ಮೊದಲು ಓಡುತ್ತದೆ. ಎಡಕುಮೇರಿಯ ಕೆಳಗೆ ಕೆಂಪುಹೊಳೆ ಹರಿಯುತ್ತದೆ. ಈ ಕಣಿವೆಗಳ ಹೊಳೆಗಳಿಗೆ ಮಿನಿ ಹೈಡೆಲ್‌ನವರು ಬಂದದ್ದು ಹಸಿರು ವಿದ್ಯುತ್ತಿನ ಹೆಸರಿನಲ್ಲಿ. 25 ಮೆಗಾವ್ಯಾಟಿಗಿಂತ ಕಡಿಮೆಯಿದ್ದರೆ 2006ರ ಅಧಿಸೂಚನೆಯ ಪ್ರಕಾರ ಪರಿಸರ ಪರಿಣಾಮದ ಅಧ್ಯಯನ ಬೇಡ. ಹಾಗಾಗಿ ಈ ಜಾತಿಯ ಯೋಜನೆಗಳು 25ರ ಗೆರೆ ಮುಟ್ಟುವ ಮೊದಲೇ ಬೆಳೆಯುವುದನ್ನು ನಿಲ್ಲಿಸುತ್ತವೆ. ಮಳೆಕಾಡಿನಲ್ಲಿ ದಾರಿ ಕಡಿದು, ಹೊಳೆಗೆ ಕೊಳವೆ ತೊಡಿಸಿ, ಉಳಿಸಿದ ಇಂಗಾಲದ ಪುಣ್ಯವನ್ನು ಯುರೋಪಿಗೆ ಮಾರಲು ಕ್ಯೋಟೊ ಒಪ್ಪಂದ ದಾರಿ ಮಾಡಿಕೊಟ್ಟಿತ್ತು. 2012ರ ಕೊನೆಗೆ ಆ ಪುಣ್ಯದ ಬೆಲೆ ಟನ್ನಿಗೆ ಒಂದು ಯೂರೋಗಿಂತ ಕೆಳಗೆ ಬಿತ್ತು. ಮೃಗಕ್ಕೆ ಕೇಳಿಸಿದ ಸದ್ದು ಅದೇ. ಗರಗಸದ ಸದ್ದು ಅದಕ್ಕೆ ತೊಂದರೆ ಕೊಟ್ಟಿರಲಿಲ್ಲ.

ಮಿಶ್ರದ ವಿಷಯದಲ್ಲಿ ಶಾಸ್ತ್ರಕಾರರಿಗೆ ಅಷ್ಟೇನೂ ಗೌರವವಿಲ್ಲ. ನನಗಿದೆ. ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸೆಲ್ಕೋ ಇದಕ್ಕೆ ಒಳ್ಳೆಯ ಉದಾಹರಣೆ. ಬಡವರ ಮನೆಗೆ ಸೋಲಾರ್ ದೀಪ ಪುಕ್ಕಟೆ ಕೊಡದೆ, ಗ್ರಾಮೀಣ ಬ್ಯಾಂಕಿನಿಂದ ಸಾಲ ಕೊಡಿಸಿ ಮಾರಿದರು. ತಿಂಗಳಿಗೆ ಮುನ್ನೂರು ಆಗುವುದಿಲ್ಲ, ದಿನಕ್ಕೆ ಹತ್ತು ಕೊಡುತ್ತೇನೆ ಎಂದ ಬೀದಿ ವ್ಯಾಪಾರಿಯ ಲೆಕ್ಕವನ್ನು ಹಂದೆ ಹೋದಲ್ಲೆಲ್ಲ ಹೇಳುತ್ತಾರೆ. ಎರಡೂ ಒಂದೇ ಮೊತ್ತ ಎನ್ನುವವನು ದಿನಗೂಲಿಯಲ್ಲಿ ಬದುಕಿದವನಲ್ಲ. ಜರ್ಮನಿಯ ಸಬ್ಸಿಡಿಯಿಂದಾಗಿ ಸೌರಫಲಕಗಳ ಬೆಲೆ ಏರಿ ಕಂಪನಿ ನಷ್ಟಕ್ಕೆ ಬಿದ್ದಾಗ ಬೇಕಾದದ್ದು ಕಾಯುವ ದುಡ್ಡು. ಗುಡ್ ಎನರ್ಜೀಸ್, ಲೆಮೆಲ್ಸನ್ ಫೌಂಡೇಶನ್‌ಗಳಂಥವರು ಅದನ್ನು ತಂದರು. ಲಾಭ ಬೇಕು, ಆದರೆ ಅವಸರವಿಲ್ಲ ಎನ್ನುವುದೇ ಮಿಶ್ರದ ಗುರುತು.

ನಮ್ಮ ಕಾಫಿ ಬೆಳೆಗಾರನೂ ಇಲ್ಲಿಗೇ ಸೇರುತ್ತಾನೆ. ಅತ್ತಿ, ಹಲಸು ತೆಗೆದು ಸಿಲ್ವರ್ ಓಕ್ ಹಾಕಿದರೆ ಬೇಗ ದುಡ್ಡು, ಮೆಣಸಿನ ಬಳ್ಳಿಗೆ ನೆಟ್ಟನೆಯ ಆಸರೆ. ಹಾಗಿದ್ದೂ ಕೆಲವರು ಹಳೇ ನೆರಳಿನ ಮರ ಉಳಿಸಿಕೊಂಡಿದ್ದಾರೆ. ಯಾಕೆಂದು ಕೇಳಿದರೆ ಬೆಳಿಗ್ಗೆ ರೈನ್‌ಫಾರೆಸ್ಟ್ ಅಲಯನ್ಸ್ ಸರ್ಟಿಫಿಕೇಟಿನ ಮಾತು, ಮಧ್ಯಾಹ್ನ ತೋಟದ ತಂಪಿನ ಮಾತು, ಸಂಜೆ ‘ಅಜ್ಜನ ಕಾಲದ್ದು, ಕೈ ಬರಲ್ಲ ಮಾರಾಯ್ರೆ’. ಮೂರೂ ನಿಜ.

ಗ್ರಂಥ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಯಾವ ಜಾತಿಗೂ ಸೇರದ ಒಬ್ಬ ಉಳಿದುಬಿಟ್ಟಿದ್ದಾನೆ: ಕಾಡಂಚಿನ ಎರಡೆಕರೆಯ ರೈತ. ಆನೆ ಕಾರ್ಯಪಡೆ 2012ರಲ್ಲಿ ರಾಜ್ಯದ ಆನೆ ಸೀಮೆಗಳನ್ನು ಮೂರು ಬಗೆ ಮಾಡಿತು: ಆನೆ ಉಳಿಸುವ ಸೀಮೆ, ಜೊತೆಗೆ ಬಾಳುವ ಸೀಮೆ, ಆನೆ ತೆಗೆಯುವ ಸೀಮೆ. ಆಲೂರು–ಸಕಲೇಶಪುರ ಮೂರನೆಯದಕ್ಕೆ ಸೇರಿತು. ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಆನೆಗಳಿಗೆ ಈ ವರ್ಗೀಕರಣ ಒಪ್ಪಿಗೆಯಾಗಲಿಲ್ಲ. ಭೀಮ, ಕ್ಯಾಪ್ಟನ್ ಎಂದು ಊರವರೇ ಹೆಸರಿಟ್ಟ ಸಲಗಗಳು ಇಂದಿಗೂ ತೋಟ ದಾಟುತ್ತವೆ. ಮೊಬೈಲಿಗೆ ಎಚ್ಚರಿಕೆಯ ಸಂದೇಶ ಬರುತ್ತದೆ. ಆಳುಗಳು ಆವತ್ತು ಕೆಲಸಕ್ಕೆ ಇಳಿಯುವುದಿಲ್ಲ. ಎಷ್ಟೋ ಮಂದಿ ಗದ್ದೆಗೆ ಭತ್ತ ಹಾಕುವುದನ್ನೇ ಬಿಟ್ಟಿದ್ದಾರೆ.

ಆನೆ ಉಳಿಯಲೆಂದು ವರ್ಷವರ್ಷ ಬಂಡವಾಳ ಹಾಕುತ್ತಿರುವವನು ಇವನೇ. ಆದರೂ ಬೆಲ್ಲಾಜಿಯೊ ಲಕ್ಷಣಕ್ಕೆ ಹಿಡಿದರೆ ಇವನು ಹೂಡಿಕೆದಾರನಲ್ಲ. ಉದ್ದೇಶ ಇವನದಲ್ಲ, ಲಾಭವಂತೂ ಇಲ್ಲ. ಇರುವುದು ಮೂರನೆಯದೊಂದೇ, ಅಳತೆ: ತುಳಿದ ಪೈರಿನ ಫೋಟೊ, ಪಹಣಿ, ಇ-ಪರಿಹಾರದ ಅರ್ಜಿ.

ಇದಕ್ಕೊಂದು ಅಪವಾದವಿದೆ. ಕಾಡಂಚಿನ ಕೆಲವು ಹಳ್ಳಿಯವರು, ನಮ್ಮ ಜಮೀನನ್ನೇ ಆನೆಗಳಿಗೆ ಬಿಟ್ಟುಕೊಡುತ್ತೇವೆ, ಸರಿಯಾದ ಬೆಲೆ ಕೊಟ್ಟು ಬೇರೆಡೆ ಕಳಿಸಿ ಎಂದು ಸರ್ಕಾರವನ್ನು ವರ್ಷಗಳಿಂದ ಕೇಳುತ್ತಿದ್ದಾರೆ. ಉದ್ದೇಶವಿದೆ, ಪ್ರತಿಫಲದ ನಿರೀಕ್ಷೆಯಿದೆ, ಅಳೆಯಲು ಸರ್ವೆ ನಂಬರೂ ಇದೆ. ಮೂರು ಲಕ್ಷಣವೂ ಕೂಡಿದ ಹೂಡಿಕೆದಾರರು ಎಡಕುಮೇರಿಯ ಸುತ್ತ ಇವರೇ. ಹೂಡಿಕೆಯನ್ನು ಸ್ವೀಕರಿಸುವವರು ಸಿಕ್ಕಬೇಕು.