ಆಟೋ ಸ್ಟಾರ್ಟರ್ ಮಹಾಶಯರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯರೇ,

ಕೋಲಾರದ ರೈತನೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ನೀರು, ಕರೆಂಟು, ಬೆಳೆ, ಕೆರೆ ನಾಲ್ಕನ್ನೂ ಒಟ್ಟಿಗೆ ಆಳಬೇಕೆಂದು ದೊಡ್ಡವರು ವಿಚಾರ ಸಂಕಿರಣಗಳಲ್ಲಿ ಹೇಳುತ್ತಲೇ ಇದ್ದಾರೆ. ತಾವು ತೋಟದ ಮೂಲೆಯ ತಗಡಿನ ಪೆಟ್ಟಿಗೆಯಲ್ಲಿ ಕೂತು ಆಳಿಯೇ ಬಿಟ್ಟಿದ್ದೀರಿ. ನಡುರಾತ್ರಿ ತ್ರೀ ಫೇಸ್ ಬಂದದ್ದೇ ತಡ, ಟಕ್ ಎಂದು ಮೋಟಾರು ಎಬ್ಬಿಸುತ್ತೀರಿ. ನಾವು ನಿದ್ದೆಯಲ್ಲಿರುತ್ತೇವೆ. ಹಿಪ್ಪುನೇರಳೆ ಸಾಲು ತುಂಬಿ, ಬದು ಒಡೆದು, ನೀರು ಬಂಡಿದಾರಿಗೆ ಹರಿದರೂ ತಮ್ಮ ಕರ್ತವ್ಯನಿಷ್ಠೆಗೆ ಭಂಗವಿಲ್ಲ. ಊರಿನ ತಮ್ಮ ಬಂಧುಗಳೆಲ್ಲ ಅದೇ ಗಳಿಗೆಗೆ ಏಳುವುದರಿಂದ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟುಹೋಗುತ್ತದೆ. ಆಮೇಲೆ ನಾವು ಚಂದಾ ಎತ್ತಿ, ಟ್ರ್ಯಾಕ್ಟರಿಗೆ ಹೇರಿ, ರಿಪೇರಿಗೆ ಒಯ್ಯುತ್ತೇವೆ. ಈ ಒಗ್ಗಟ್ಟು ಕಲಿಸಿದ್ದಕ್ಕೆ ಋಣಿ.

ಸಂವಿಧಾನಕ್ಕೂ ತಾವು ಅಂಜುವವರಲ್ಲ. ನೀರು, ಕೃಷಿ ರಾಜ್ಯ ಪಟ್ಟಿಯಲ್ಲಿ. ವಿದ್ಯುತ್ತು ಸಮವರ್ತಿ ಪಟ್ಟಿಯಲ್ಲಿ, 1976ರ ತಿದ್ದುಪಡಿಯಿಂದ ಕಾಡೂ ಅಲ್ಲೇ. ಅಂತರರಾಜ್ಯ ನದಿಗಳ ನಿಯಂತ್ರಣ ಕೇಂದ್ರದ ಪಟ್ಟಿಯಲ್ಲಿ. ಯಾರನ್ನು ಕೇಳಿದರೂ ಪಕ್ಕದವರತ್ತ ಕೈ ತೋರಿಸುತ್ತಾರೆ. 10 ಎಚ್‌ಪಿವರೆಗೆ ಕರೆಂಟು ಉಚಿತವೆಂದು ಒಂದು ಇಲಾಖೆ ಕೊಡುತ್ತದೆ. ಅಂತರ್ಜಲ ಕುಸಿದಿದೆ, ಹೊಸ ಬೋರಿಗೆ ಅನುಮತಿ ತನ್ನಿ ಎಂದು ಇನ್ನೊಂದು ಇಲಾಖೆ 2011ರ ಕಾಯ್ದೆ ತೋರಿಸುತ್ತದೆ. ಇಬ್ಬರಿಗೂ ಸಂಬಳ ಒಂದೇ ಖಜಾನೆಯಿಂದ.

ತಮ್ಮ ರಾಜತಂತ್ರವಂತೂ ಅಗಾಧ. ಬಂಗಾರಪೇಟೆ ತಾಲ್ಲೂಕಿನ ಯರಗೋಳದಲ್ಲಿ, ಕುಡಿಯುವ ನೀರಿಗೆಂದು, ಮಾರ್ಕಂಡೇಯ ನದಿಗೆ ಅರ್ಧ ಟಿಎಂಸಿಯ ಅಣೆಕಟ್ಟು ಕಟ್ಟಿದ್ದಕ್ಕೆ ತಮಿಳುನಾಡು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಆ ನದಿ ಸೇರುವ ದಕ್ಷಿಣ ಪಿನಾಕಿನಿಯ ಕಣಿವೆಯಲ್ಲೇ ತಾವು ಸಾವಿರ ಅಡಿ ಆಳದಿಂದ ರಾತ್ರಿಯಿಡೀ ಎತ್ತುತ್ತೀರಿ. ಒಂದು ನೋಟಿಸೂ ಬಂದದ್ದಿಲ್ಲ. ಹಳ್ಳದ ಒರತೆ ಬತ್ತಿದರೂ ತಾವು ಆರೋಪಿಯಲ್ಲ. ಮೇಲೆ ಹರಿಯುವ ನೀರಿಗೆ ಮಾತ್ರ ರಾಜ್ಯದ ಗಡಿ ಇರುವುದು, ಅಲ್ಲವೇ?

ತಾವು ಬರಿದು ಮಾಡಿದ ನೆಲಕ್ಕೆ 2018ರಿಂದ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧಿಯಾಗಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬರುತ್ತಿದೆ. ಮೂರನೇ ಹಂತ ಕೇಳುತ್ತಲೇ ಇದ್ದೇವೆ. ಆ ನೀರನ್ನು ಕೆರೆಗೆ ತಳ್ಳಲು ಕರೆಂಟು, ಇಂಗಿದ್ದನ್ನು ತಾವು ಮೇಲೆತ್ತಲು ಮತ್ತೆ ಕರೆಂಟು. ಕೆರೆ ತುಂಬಿಸಿದವರೂ ತಮ್ಮ ಸೇವಕರೇ ಆದಂತಾಯಿತು!

ಇನ್ನು ಒಂದು ಬಿನ್ನಹ. ಪಂಜಾಬಿನಲ್ಲಿ ಪಂಪ್‌ಸೆಟ್ಟಿಗೆ ಮೀಟರ್ ಹಾಕಿಸಿ, ಉಳಿಸಿದ ಯೂನಿಟ್ಟಿಗೆ 4 ರೂಪಾಯಿಯಂತೆ ರೈತನಿಗೇ ಕೊಡುವ ಯೋಜನೆ ತಂದರು. ನಮಗೂ ಅಂಥದ್ದು ಕೊಡಿ, ಕರೆಂಟನ್ನು ಹಗಲು ಬಿಡಿ ಎಂದು ಮೇಲಿನವರಿಗೆ ತಾವೇ ಶಿಫಾರಸು ಮಾಡಬೇಕು. ನಮ್ಮ ಮಾತು ಅವರಿಗೆ ಕೇಳಿಸದು, ತಮ್ಮ ಟಕ್ ಕೇಳಿಸೀತು.

ಇತಿ ತಮ್ಮ ವಿಧೇಯ,
ಬೋರು ಕೊರೆಸಿದ ಸಾಲ ಇನ್ನೂ ತೀರಿಸುತ್ತಿರುವವನು