ನಾವೂ ಸ್ಟೇಟೇ ಅದೀವ್ರೀ, ಸಾಹೇಬ್ರ!

ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಮೂರ್ತಿಗಳಿಗೆ,

ಹುಬ್ಬಳ್ಳಿಯಿಂದ ಶರಣು ಶರಣಾರ್ಥಿ.

ನಿಮ್ಮ ಕೋರ್ಟಿನ ಶಾಸನದ 34ನೇ ಕಲಮಿನಂತೆ 'ಸ್ಟೇಟ್'ಗಳು ಮಾತ್ರ ನಿಮ್ಮ ಮುಂದೆ ಕಕ್ಷಿದಾರರಾಗಬಹುದಂತೆ. ಓದಿ ಹಿಗ್ಗಿದೆ. ಕರ್ನಾಟಕವೂ ಸ್ಟೇಟು, ಗೋವಾವೂ ಸ್ಟೇಟು! ನಮ್ಮ ಓಣಿಯ ವಕೀಲರು 'ಅದು ದೇಶ ಅಂತ ಅರ್ಥರೀ, ಸುಮ್ಕಿರ್ರಿ' ಎಂದು ತಣ್ಣೀರು ಎರಚಿದರು. ನಳ ಬಂದು ಐದು ದಿನವಾಗಿತ್ತು. ಎರಚಲು ಅವರಿಗೆ ನೀರೆಲ್ಲಿ ಸಿಕ್ಕಿತೋ.

ವ್ಯಾಜ್ಯ ಇಷ್ಟು. ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ಗೋವಾಕ್ಕಿಳಿದು, ಮಾಂಡವಿಯಾಗಿ ಪಣಜಿಯ ಬಳಿ ಕಡಲು ಸೇರುತ್ತಾಳೆ. ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನಮ್ಮತ್ತ ಹೊರಳಿ, ನವಿಲುತೀರ್ಥದ ಡ್ಯಾಮು ತುಂಬಿಸಲು ಏದುಸಿರು ಬಿಡುತ್ತಾಳೆ. ಅಕ್ಕನ ಕಡೆಯ ಕಳಸಾ, ಬಂಡೂರಿ ಹಳ್ಳಗಳಿಂದ 7.56 ಟಿಎಂಸಿ ನೀರನ್ನು ತಂಗಿಗೆ ಕೊಡಿರೆಂದು ಕೇಳಿದೆವು. 2010ರಲ್ಲಿ ನ್ಯಾಯಮಂಡಳಿ ಕೂತಿತು. 2015ರಲ್ಲಿ ನರಗುಂದದಲ್ಲಿ ರೈತರು ಧರಣಿ ಕೂತರು. 2018ರ ಆಗಸ್ಟಿನಲ್ಲಿ ಮಂಡಳಿ ಬಾಯಿ ಬಿಟ್ಟು, 3.9 ಟಿಎಂಸಿ ತಿರುಗಿಸಿಕೊಳ್ಳಿ ಎಂದಿತು. 2020ರಲ್ಲಿ ಆ ನೀರು ಗೆಜೆಟ್‌ಗೆ ಬಂತು. ಅಲ್ಲಿಂದ ಮುಂದೆ ಸುಪ್ರೀಂ ಕೋರ್ಟು, ವನ್ಯಜೀವಿ ಮಂಡಳಿ. ನಳದ ತನಕ ಇನ್ನೂ ಬಂದಿಲ್ಲ. 2023ರಲ್ಲಿ ಕೇಂದ್ರ ಒಂದು ಪ್ರಾಧಿಕಾರ ಮಾಡಿ 'ಪ್ರವಾಹ್' ಎಂದು ಹೆಸರಿಟ್ಟಿತು. ಹಿಂದಿಯಲ್ಲಿ ಅದು ಹರಿವು, ಕನ್ನಡದಲ್ಲಿ ನೆರೆ. ಕೊಡ ಖಾಲಿ ಇದ್ದವರಿಗೆ ನೆರೆ!

ಭಾರತ–ಪಾಕಿಸ್ತಾನಗಳು 1960ರಲ್ಲಿ ಸಿಂಧೂ ಒಪ್ಪಂದಕ್ಕೆ ಸಹಿ ಹಾಕಿದವು. ಯುದ್ಧಗಳಾದರೂ ಅದು 2025ರವರೆಗೆ ಬಾಳಿತು. ನಮಗೂ ಗೋವಾಕ್ಕೂ ಯುದ್ಧವಿಲ್ಲ. ಬೆಳಗಾವಿಯ ಕಾಯಿಪಲ್ಲೆ ಘಟ್ಟ ಇಳಿದು ಅಲ್ಲಿಯ ಅಡುಗೆಮನೆ ಸೇರುತ್ತದೆ. ನಮ್ಮ ಹುಡುಗರು ಶನಿವಾರ ಬಂತೆಂದರೆ ಅಲ್ಲಿಗೇ ಓಡುತ್ತಾರೆ, ನೀರು ಕುಡಿಯಲಿಕ್ಕಂತೂ ಅಲ್ಲ. ಹಾಗಾಗಿ ನನ್ನ ಅರ್ಜಿ: ನಮ್ಮಿಬ್ಬರನ್ನೂ ಎಂಟು ದಿನದ ಮಟ್ಟಿಗೆ ಶತ್ರುದೇಶಗಳೆಂದು ಘೋಷಿಸಿ. ಒಪ್ಪಂದ ಮುಗಿಸಿಕೊಂಡು ಮತ್ತೆ ಒಂದಾಗುತ್ತೇವೆ.

ಯಾವ ಕಾನೂನು ಹಚ್ಚಬೇಕು ಎನ್ನುತ್ತೀರಾ? ನಮ್ಮಲ್ಲಿ ಎಲ್ಲ ತರದ್ದೂ ಸ್ಟಾಕ್ ಇದೆ. 1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಹಾರ್ಮನ್, ತಮ್ಮ ನೆಲದ ನೀರು ತಮ್ಮದು, ಕೆಳಗಿನ ಮೆಕ್ಸಿಕೊಕ್ಕೆ ಅದರಲ್ಲಿ ಹಕ್ಕಿಲ್ಲ ಎಂದಿದ್ದರು. ಕಣಕುಂಬಿಯಲ್ಲಿ ನಿಂತಾಗ ನಾವು ಹಾರ್ಮನ್ನರ ಶಿಷ್ಯರು. ಬೇಸಿಗೆಯಲ್ಲಿ ಕೃಷ್ಣೆ ಬತ್ತಿದಾಗ, ಕೊಯ್ನಾದಿಂದ ನೀರು ಬಿಡಿರೆಂದು ಮಹಾರಾಷ್ಟ್ರಕ್ಕೆ ಬರೆಯುವಾಗ ಮಾನವೀಯತೆ. ಕಾವೇರಿಗೆ ಹೋದರೆ ಮತ್ತೆ ಹಾರ್ಮನ್. 1997ರ ವಿಶ್ವಸಂಸ್ಥೆಯ ನದಿ ಒಪ್ಪಂದ ನ್ಯಾಯವಾಗಿ ಹಂಚಿಕೊಳ್ಳಿ ಎನ್ನುತ್ತದೆ. ಮತದಾನದಲ್ಲಿ ಭಾರತ ತಟಸ್ಥ. ತಟಸ್ಥ ಎಂದರೆ ದಡದ ಮೇಲೆ ನಿಂತವ. ಕೊಡ ಹಿಡಿದು ನಾವು ನಿಂತಿರುವುದೂ ಅಲ್ಲೇ.

ಗೋವಾದವರ ಅಳಲು ಪೂರ್ತಿ ಸುಳ್ಳೂ ಅಲ್ಲ. ಹೊಳೆ ಸೊರಗಿದರೆ ಮಾಂಡವಿಯೊಳಕ್ಕೆ ಉಪ್ಪುನೀರು ಏರುತ್ತದೆ. ಆದರೆ ಮಹಾರಾಷ್ಟ್ರದೊಡನೆ ಕೂಡಿ ತಿಳಾರಿ ಯೋಜನೆ ಮಾಡುವಾಗ ಅವರಿಗೆ ಗಡಿ ಅಡ್ಡ ಬರಲಿಲ್ಲ.

ಇನ್ನೂ ಬರೆಯುತ್ತಿದ್ದೆ, ನಳ ಬಂದ ಸಪ್ಪಳ. ಮೇಲಿನ ಮನೆಯ ಕಾಕಾ ಪೈಪಿಗೆ ಮೋಟರು ಹಚ್ಚಿದ್ದಾರೆ, ನಮ್ಮಲ್ಲಿ ಬರೀ ಗಾಳಿ. ಕೇಳಿದರೆ 'ನಮ್ಮನಿ ಮುಂದಿನ ಪೈಪಿನ ನೀರು ನಮ್ದೋ ತಮ್ಮಾ' ಎನ್ನುತ್ತಾರೆ. ಪತ್ರ ಇಲ್ಲಿಗೆ ನಿಲ್ಲಿಸಿ ಜಗಳಕ್ಕೆ ಹೊರಟೆ.

ಇಂತಿ,
ಸದ್ಯಕ್ಕೆ ಕೆಳಗಿನ ಮನೆಯವ